‘ಫ್ರೀ ಕ್ರಿಯೋಲ್’ ವರ್ತಕರು: ಈ ‘ಫ್ರೀ’ಗೆ ಕನ್ನಡದಲ್ಲಿ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಊರಿನ ಹಳೇ ಅಂಗಡಿಕಾರರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಗುಲಾಮಗಿರಿ ಇನ್ನೂ ಕಾನೂನಿನಲ್ಲೇ ಇದ್ದ ಕಾಲ ಅದು. ಆಗಲೇ ಅಲ್ಲಿ ಆಫ್ರಿಕಾ ಮೂಲದ, ಆದರೆ ಯಾರ ಗುಲಾಮರೂ ಅಲ್ಲದ ಒಂದು ದೊಡ್ಡ ಸಮುದಾಯವಿತ್ತು. ಅವರಲ್ಲಿ ಎಷ್ಟೋ ಜನ ಅಂಗಡಿ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಅವರನ್ನು ‘ಫ್ರೀ ಪೀಪಲ್ ಆಫ್ ಕಲರ್’ ಎನ್ನುತ್ತಾರೆ, ‘ಫ್ರೀ ಕ್ರಿಯೋಲ್’ ಎಂದೂ ಬರೆಯುತ್ತಾರೆ. ಅವರ ಮನೆಮಾತು ಫ್ರೆಂಚ್. ಆ ಭಾಷೆಯಲ್ಲಿ ‘ಜಾನ್ ದ ಕುಲೇರ್ ಲೀಬ್ರ್’. ಈ ‘ಫ್ರೀ’ ಎನ್ನುವ ಒಂದು ಮಾತಿಗೆ ಸರಿಯಾದ ಕನ್ನಡ ಸಿಗುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

‘ಸ್ವತಂತ್ರ’ ಎಂದು ಬರೆದರೆ ಮುಗಿಯಿತಲ್ಲ ಎಂದು ಮೊದಲು ಅನ್ನಿಸುತ್ತದೆ. ಆದರೆ ‘ಸ್ವತಂತ್ರ ವರ್ತಕ’ ಎಂದು ಓದಿದವರಿಗೆ ಏನು ಅರ್ಥವಾಗುತ್ತದೆ? ಯಾರ ಕೈಕೆಳಗೂ ಇಲ್ಲದೆ ಸ್ವಂತ ವ್ಯಾಪಾರ ಮಾಡುವವನು ಅಂತ. ಅದು ಬೇರೆಯೇ ಮಾತು. ‘ಬಿಡುಗಡೆಯಾದ’, ‘ದಾಸ್ಯಮುಕ್ತ’ ಎಂದರೆ ಇನ್ನೊಂದು ತೊಡಕು. ಇವರೆಲ್ಲ ಮೊದಲು ಗುಲಾಮರಾಗಿದ್ದರು, ಆಮೇಲೆ ಬಿಡುಗಡೆಯಾದರು ಎಂದಾಗುತ್ತದೆ. ಕೆಲವರ ವಿಷಯದಲ್ಲಿ ಅದು ನಿಜ. ಲೂಸಿಯಾನಾದಲ್ಲಿ ಸ್ಪೇನಿನ ಆಳ್ವಿಕೆಯಿದ್ದಾಗ ಗುಲಾಮರು ತಮ್ಮ ಬೆಲೆಯನ್ನು ತಾವೇ ಕಟ್ಟಿ ಬಿಡಿಸಿಕೊಳ್ಳಲು ಅವಕಾಶವಿತ್ತು. ಆದರೆ 19ನೇ ಶತಮಾನದ ಹೊತ್ತಿಗೆ ಹುಟ್ಟುತ್ತಲೇ ಗುಲಾಮರಲ್ಲದವರು ತುಂಬಾ ಜನ ಇದ್ದರು. 1810ರಲ್ಲಿ ಹುಟ್ಟಿದ ತೋಮಿ ಲಾಫೋನ್ ಹಾಗೇ. ವ್ಯಾಪಾರದಿಂದ ಮೇಲೆ ಬಂದು, ಆಸ್ತಿಪಾಸ್ತಿ ಮಾಡಿ, ಅನಾಥಾಲಯಕ್ಕೂ ವೃದ್ಧಾಶ್ರಮಕ್ಕೂ ಕೊಟ್ಟವರು ಅವರು. ಅವರನ್ನು ‘ಬಿಡುಗಡೆಯಾದ ಗುಲಾಮ’ ಎಂದರೆ ಸುಳ್ಳೇ ಆಗುತ್ತದೆ. ‘ವಿಮುಕ್ತ’ ಅಂತೂ ಬೇಡ. ಅದು ನಮ್ಮಲ್ಲಿ ಬೇರೆ ಸಮುದಾಯಗಳ ಹೆಸರಾಗಿ ಆಗಲೇ ನಿಂತಿದೆ.

ನನಗೆ ಇದು ಇಷ್ಟು ಮುಖ್ಯ ಅನ್ನಿಸಲು ಒಂದು ಕಾರಣವಿದೆ. ಅಲ್ಲಿ ‘ಫ್ರೀ’ ಎನ್ನುವುದು ಹೊಗಳಿಕೆಯೂ ಅಲ್ಲ, ಸುಮ್ನೆ ಒಂದು ವಿಶೇಷಣವೂ ಅಲ್ಲ. ಕಾಗದದಲ್ಲಿ ಬರೆಯಲೇಬೇಕಾದ ಗುರುತು ಅದು. 1808ರಲ್ಲಿ ಒಂದು ಕಾನೂನು ಬಂತು. ಈ ಜನರ ಹೆಸರು ಪತ್ರದಲ್ಲಿ ಬಂದಾಗಲೆಲ್ಲ ಹೆಸರಾದ ಮೇಲೆ ‘ಫ್ರೀ ಮ್ಯಾನ್ ಆಫ್ ಕಲರ್’ ಅಥವಾ ‘ಫ್ರೀ ವುಮನ್ ಆಫ್ ಕಲರ್’ ಎಂದು ಸೇರಿಸಬೇಕು ಎಂದು ಅದು ಹೇಳಿತು. ಬರೆದು ಬರೆದು ಅದು ಎಫ್.ಎಂ.ಸಿ., ಎಫ್.ಡಬ್ಲ್ಯು.ಸಿ. ಎಂದಾಯಿತು. ಫ್ರೆಂಚ್ ಪತ್ರಗಳಲ್ಲಿ ಇದೇ ಅರ್ಥಕ್ಕೆ ಗಂಡಸಿಗೆ ಎಚ್.ಸಿ.ಎಲ್., ಹೆಂಗಸಿಗೆ ಎಫ್.ಸಿ.ಎಲ್. ನಮ್ಮ ಹಳೇ ಕ್ರಯಪತ್ರಗಳಲ್ಲಿ ಹೆಸರಿನ ಜೊತೆಗೇ ‘ಬಿನ್’, ‘ಕೋಂ’ ಬರುತ್ತದಲ್ಲ, ನೋಡುವುದಕ್ಕೆ ಹಾಗೇ ಒಂದು ಚಿಕ್ಕ ಬರಹ. ಆದರೆ ಬಿಳಿಯರ ಹೆಸರಿಗೆ ಇಂಥದ್ದೇನೂ ಇರಲಿಲ್ಲ. ಮನೆ ಕೊಂಡರೂ, ಅಂಗಡಿ ಮಾರಿದರೂ, ಉಯಿಲು ಬರೆಸಿದರೂ ಈ ಮೂರಕ್ಷರ ಹಿಂದೆಯೇ ಬರುತ್ತಿತ್ತು. ಹಾಗಾಗಿ ಕನ್ನಡದಲ್ಲಿ ಒಂದು ಗಟ್ಟಿ ಪದವೂ ಬೇಕು, ಅದನ್ನು ಚಿಕ್ಕದು ಮಾಡಿ ಬರೆಯುವಂತೆಯೂ ಇರಬೇಕು.

‘ಆಫ್ ಕಲರ್’ಗೆ ‘ಕಪ್ಪು ಜನ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಲೂಸಿಯಾನಾದ ಕೋರ್ಟು 1810ರಲ್ಲಿ, ಅಡೆಲ್ ಎಂಬ ಹೆಂಗಸಿನ ಮೊಕದ್ದಮೆಯಲ್ಲಿ, ಈ ಎರಡನ್ನೂ ಬೇರೆ ಮಾಡಿಟ್ಟಿತು. ‘ನೀಗ್ರೋ’ ಎನಿಸಿಕೊಂಡವರು ತಾವು ಗುಲಾಮರಲ್ಲ ಎಂದು ತಾವೇ ಸಾಬೀತು ಮಾಡಬೇಕು. ‘ಪರ್ಸನ್ ಆಫ್ ಕಲರ್’ ಆದರೆ ಗುಲಾಮರಲ್ಲ ಎಂದೇ ಮೊದಲು ತಿಳಿಯಬೇಕು, ಗುಲಾಮರು ಎನ್ನುವವರು ಸಾಬೀತು ಮಾಡಲಿ. ಒಂದು ಪದದ ಮೇಲೆ ಮನುಷ್ಯರ ಬದುಕೇ ನಿಂತಿತ್ತು. ಅದನ್ನು ಅನುವಾದದಲ್ಲಿ ಅಳಿಸಿಬಿಟ್ಟರೆ ಹೇಗೆ? ಪತ್ರಿಕೆಗಳಲ್ಲಿ ಬಳಸುವ ‘ವರ್ಣೀಯ’ ಇದಕ್ಕೆ ಹತ್ತಿರ. ‘ವರ್ಣ’ ಎಂದ ತಕ್ಷಣ ನಮಗೆ ಚಾತುರ್ವರ್ಣ್ಯ ನೆನಪಾಗುತ್ತದೆ ಎನ್ನುವ ಅಳುಕಿದೆ. ಆದರೂ ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ.

‘ಕ್ರಿಯೋಲ್’ ಹಾಗೇ ಇರಲಿ. ಭಾಷಾಶಾಸ್ತ್ರ ಓದಿದವರಿಗೆ ಅದು ಮಿಶ್ರಭಾಷೆಯ ಹೆಸರು. ಲೂಸಿಯಾನಾದಲ್ಲಿ ಮೊದಲಿಗೆ ಅದರ ಅರ್ಥ ‘ಇಲ್ಲೇ ಹುಟ್ಟಿದವರು’ ಅಂತ. ಬಿಳಿಯರಿಗೂ ಸಲ್ಲುತ್ತಿತ್ತು, ಗುಲಾಮರಿಗೂ ಸಲ್ಲುತ್ತಿತ್ತು. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಇದನ್ನು ವಿವರಿಸಿದರೆ ಸಾಕು.

ಇನ್ನು ಅಂಗಡಿ. ನಾನು ನೋಡಿದ ಒಂದು ಕರಡಿನಲ್ಲಿ ‘ಡ್ರೈ ಗೂಡ್ಸ್’ಗೆ ‘ಒಣ ಸರಕು’ ಎಂದಿತ್ತು. ಓದಿದವರು ಒಣಮೆಣಸಿನಕಾಯಿ, ಬೇಳೆ ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಅದರ ಅರ್ಥ ಬಟ್ಟೆ, ದಾರ ಇಂಥವು. ಅಂದರೆ ನಮ್ಮ ಜವಳಿ. ‘ಗ್ರೋಸರ್’ ಎಂದರೆ ದಿನಸಿ ಅಂಗಡಿಯವರು, ಹುಬ್ಬಳ್ಳಿ ಕಡೆಯವರಿಗೆ ಕಿರಾಣಿ. ‘ಜನರಲ್ ಸ್ಟೋರ್’ ಎಂದರೆ ಎರಡೂ ಒಂದೇ ಸೂರಿನಡಿ. ಇದಕ್ಕೆ ಹೊಸ ಪದ ಕಟ್ಟುವುದು ಬೇಡ, ‘ಜನರಲ್ ಸ್ಟೋರ್’ ಎಂದೇ ನಮ್ಮ ಬೀದಿಬೀದಿಯ ಬೋರ್ಡಿನಲ್ಲಿ ಇದೆ.

ಜವಳಿ ಎನ್ನುವಾಗ ಊಲಾಲಿ ಮಾಂಡೆವಿಲ್ ಬಗ್ಗೆ ಹೇಳಲೇಬೇಕು. ಇದೇ ಸಮುದಾಯದ, ನ್ಯೂ ಆರ್ಲಿಯನ್ಸಿನ ಈ ಹೆಂಗಸು ಆಮದು ಮಾಲನ್ನು ಸಗಟಿನಲ್ಲಿ ಕೊಂಡು ಚಿಲ್ಲರೆಯಾಗಿ ಮಾರಿಸುತ್ತಿದ್ದರು. ಯುಜೀನ್ ಮಕಾರ್ಟಿ ಎಂಬ ಬಿಳಿಯನ ಜೊತೆ ಸುಮಾರು ಐವತ್ತು ವರ್ಷ ಸಂಸಾರ ಮಾಡಿದರು. ಮದುವೆಯಾಗುವಂತಿರಲಿಲ್ಲ, ಕಾನೂನು ಬಿಡುತ್ತಿರಲಿಲ್ಲ. 1845ರಲ್ಲಿ ಆತ ತೀರಿಕೊಂಡಾಗ ಆತನ ನೆಂಟರು ಕೋರ್ಟಿಗೆ ಹೋದರು. ಮದುವೆಯಿಲ್ಲದೆ ಜೊತೆಗಿದ್ದವಳಿಗೆ ಗಂಡಸು ತನ್ನ ಆಸ್ತಿಯ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಕೊಡುವಂತಿಲ್ಲ ಎಂಬ ನಿಯಮವಿತ್ತು. ಆಕೆಯ ಹತ್ತಿರ ಇದ್ದದ್ದು ಒಂದು ಲಕ್ಷ ಡಾಲರಿಗೂ ಮೇಲೆ. ಅದೆಲ್ಲ ಆತನದೇ ಹಣ ಎಂದು ನೆಂಟರ ವಾದ. 1848ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ದುಡಿದದ್ದು ಆಕೆಯೇ, ಹಣ ಆಕೆಯದೇ ಎಂದಿತು.

ಇದನ್ನು ಓದುವಾಗ ನನಗೆ ಹೆಮ್ಮೆಯಾಗುತ್ತದೆ. ಜೊತೆಗೇ ಸಂಕಟವೂ ಆಗುತ್ತದೆ. ಯಾಕೆಂದರೆ ಆಕೆಯ ಮಾಲನ್ನು ಮಾರುತ್ತಿದ್ದವರಲ್ಲಿ ಆಕೆಯ ಗುಲಾಮ ಹೆಂಗಸರೂ ಇದ್ದರು. ಊರಲ್ಲೂ ದೂರದ ಊರುಗಳಲ್ಲೂ ತಿರುಗಿ ಮಾರುತ್ತಿದ್ದ ಇಂಥವರನ್ನು ‘ಮಾರ್ಶಾಂದ್’ ಎನ್ನುತ್ತಿದ್ದರು. ಫ್ರೆಂಚಿನಲ್ಲಿ ಅದರ ನೇರ ಅರ್ಥ ‘ವ್ಯಾಪಾರಗಾತಿ’. ಕನ್ನಡದಲ್ಲಿ ಇವರಿಗೂ ಊಲಾಲಿಗೂ ಒಂದೇ ಪದ ಹಾಕುವಂತಿಲ್ಲ ಅಲ್ವಾ? ‘ಹೊತ್ತು ಮಾರುವವರು’ ಎಂದು ಬರೆಯೋಣ ಎಂದಿದ್ದೇನೆ. ‘ಜೀತದ ಹೆಂಗಸರು’ ಎನ್ನುವುದು ತಪ್ಪಾಗುತ್ತದೆ. ಜೀತದಲ್ಲಿ ಸಾಲದ ಲೆಕ್ಕವಿರುತ್ತದೆ, ಇಲ್ಲಿ ಮನುಷ್ಯರೇ ಕ್ರಯದ ಮಾಲು. ‘ತೊತ್ತು’ ಹಳೆಯ ಪದ, ಅರ್ಥ ಸರಿಯಿದೆ, ಆದರೆ ಈಗ ಬೈಗುಳವಾಗಿಬಿಟ್ಟಿದೆ. ‘ಗುಲಾಮ ಹೆಂಗಸರು’ ಎಂದೇ ಇರಲಿ.

‘ಬಿಫೋರ್ ಎಮ್ಯಾನ್ಸಿಪೇಶನ್’ಗೆ ‘1863ಕ್ಕೆ ಮುಂಚೆ’ ಎಂದು ಬರೆಯಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಗುಲಾಮರನ್ನು ಬಿಡುಗಡೆ ಮಾಡಿದ ಅಧ್ಯಕ್ಷ ಲಿಂಕನ್ನರ 1863ರ ಘೋಷಣೆಯಲ್ಲಿ ನ್ಯೂ ಆರ್ಲಿಯನ್ಸನ್ನು ಹೊರಗಿಟ್ಟಿದ್ದರು. ಅಲ್ಲಿ ಗುಲಾಮಗಿರಿ ಹೋದದ್ದು 1864ರ ರಾಜ್ಯ ಸಂವಿಧಾನದಿಂದ. ‘ಗುಲಾಮಗಿರಿ ರದ್ದಾಗುವ ಮುಂಚೆ’ ಎಂದರೆ ಎಲ್ಲ ಕಡೆಗೂ ಹೊಂದುತ್ತದೆ.

ಒಂದು ಪದ ಮಾತ್ರ ಹುಡುಕದೆಯೇ ಸಿಕ್ಕಿತು. ಗಿರಾಕಿಗೆ ತೂಕದ ಮೇಲೆ ಕೈಯೆತ್ತಿ ಕೊಡುವ ಚೂರು ಸರಕಿಗೆ ನ್ಯೂ ಆರ್ಲಿಯನ್ಸಿನಲ್ಲಿ ‘ಲಾನ್ಯಾಪ್’ ಎನ್ನುತ್ತಾರೆ. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ಮಾತು, ಸ್ಪ್ಯಾನಿಷ್ ದಾಟಿ ಅಲ್ಲಿಗೆ ಬಂದಿದೆ. ನಮ್ಮ ‘ಕೊಸರು’ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಸದ್ಯಕ್ಕೆ ನನ್ನ ಆಯ್ಕೆ ‘ಗುಲಾಮರಲ್ಲದ ವರ್ಣೀಯರು’. ಅರ್ಥ ಚೊಕ್ಕವಾಗಿದೆ, ಆದರೆ ‘ಅಲ್ಲದ’ ಎನ್ನುವುದರಿಂದ ಶುರುವಾಗುವ ಗುರುತು ಇದು. ಒಬ್ಬರ ಹೆಸರಿನ ಜೊತೆ ಹಾಗೆ ಬರೆಯಲು ಕೈ ಬರುವುದಿಲ್ಲ. ಪತ್ರಗಳ ಮೂರಕ್ಷರವನ್ನು ‘ಎಚ್.ಸಿ.ಎಲ್.’ ಎಂದೇ ಉಳಿಸಿ ಅಡಿಟಿಪ್ಪಣಿ ಕೊಡಲೇ, ಅಥವಾ ‘ಸ್ವ.ವ.’ (ಸ್ವತಂತ್ರ ವರ್ಣೀಯ) ಎಂದು ಕನ್ನಡದಲ್ಲೇ ಮಾಡಲೇ? ಹಳೇ ಶಾಸನ, ಕಡತ ಓದಿ ಗೊತ್ತಿರುವವರು ದಯವಿಟ್ಟು ಹೇಳಿ. ಗುಲಾಮರಲ್ಲದವರು ಎನ್ನುವುದಕ್ಕೆ ನಮ್ಮ ಕಡತಗಳಲ್ಲಿ ಯಾವುದಾದರೂ ಪದ ಬಳಕೆಯಲ್ಲಿತ್ತೇ?

ಇನ್ನೊಂದು ಸಣ್ಣ ಪ್ರಶ್ನೆ. ಬರ್ನಾರ್ ಮತ್ತು ಆಲ್ಬಾನ್ ಸೂಲಿಯೇ ಎಂಬ ಅಣ್ಣತಮ್ಮಂದಿರು ಅಲ್ಲಿ ‘ಕಮಿಷನ್ ಮರ್ಚಂಟ್’ ಆಗಿದ್ದರು. ಬೇರೆಯವರ ಮಾಲು ಮಾರಿಸಿ ಕಮಿಷನ್ ಪಡೆಯುವವರು. ‘ಮಂಡಿ ವರ್ತಕರು’ ಎಂದರೆ ಸರಿಹೋಗುತ್ತದೆಯೇ, ‘ದಲಾಲರು’ ಎನ್ನಬೇಕೇ? ದಾವಣಗೆರೆ, ಬ್ಯಾಡಗಿ ಕಡೆಯ ವ್ಯಾಪಾರ ಗೊತ್ತಿರುವವರ ಮಾತು ಬೇಕು.