ಯುದ್ಧಕಾಲದ ಹಡಗುಗಳು ಮತ್ತು ಕಲ್ನಾರು: ಔದ್ಯೋಗಿಕ ಆರೋಗ್ಯ ವೈದ್ಯರೊಂದಿಗೆ ಪ್ರಶ್ನೋತ್ತರ

ವಿದ್ಯಾರ್ಥಿ: ಡಾಕ್ಟರೇ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶಿಪ್‌ಯಾರ್ಡ್‌ಗಳಿಗೆ ಶಾಖ ತಡೆಯಲು ಬಳಸುತ್ತಿದ್ದ ಕಲ್ನಾರಿನ (ಆಸ್ಬೆಸ್ಟಾಸ್) ಅಪಾಯ ತಿಳಿದಿರಲಿಲ್ಲವೇ? 1946ರ ಅಧ್ಯಯನವೊಂದರಲ್ಲಿ, ಉಗಿ ಕೊಳವೆಗಳಿಗೆ ಹೊದಿಕೆ ಹಾಕುತ್ತಿದ್ದ 1,074 ಕಾರ್ಮಿಕರ ಪೈಕಿ ಮೂವರಿಗಷ್ಟೇ ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಕಂಡುಬಂದಿತ್ತಂತೆ.

ಡಾಕ್ಟರ್: ತಿಳಿದಿತ್ತು. ಬ್ರಿಟನ್ 1931ರಲ್ಲೇ ಕಲ್ನಾರು ಕಾರ್ಖಾನೆಗಳಿಗೆ ಧೂಳು ನಿಯಂತ್ರಣದ ನಿಯಮ ಮಾಡಿತ್ತು. ಕಲ್ನಾರಿನ ಕೆಲಸವನ್ನು ಪ್ರತ್ಯೇಕ ಜಾಗದಲ್ಲಿ ಮಾಡಬೇಕು, ಮುಖವಾಡ ಧರಿಸಬೇಕು ಎಂದು ಅಮೆರಿಕದ ನೌಕಾಪಡೆ ಮತ್ತು ಸರಕು ಹಡಗುಗಳ ನಿರ್ಮಾಣ ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ಮ್ಯಾರಿಟೈಮ್ ಕಮಿಷನ್ 1943ರಲ್ಲಿ ಸೂಚಿಸಿದ್ದವು. ಆದರೆ ಗಾಳಿಯಾಡದ ಎಂಜಿನ್ ಕೋಣೆಯಲ್ಲಿ ಒಬ್ಬನು ಕಲ್ನಾರಿನ ಒಣಪುಡಿಯನ್ನು ಬಕೆಟ್ಟಿಗೆ ಸುರಿದು ನೀರು ಬೆರೆಸುವಾಗ ಏಳುವ ಧೂಳನ್ನು ಪಕ್ಕದ ವೆಲ್ಡರನೂ ಎಲೆಕ್ಟ್ರಿಷಿಯನ್ನನೂ ಉಸಿರಾಡಲೇಬೇಕಿತ್ತು.

ನನ್ನನ್ನು ಕಾಡುವುದು ನೀವು ಹೇಳಿದ ಆ ‘ಮೂವರು’. ಪರೀಕ್ಷೆಗೊಳಗಾದವರಲ್ಲಿ ಶೇ. 95ರಷ್ಟು ಮಂದಿ ಆ ಕೆಲಸಕ್ಕೆ ಸೇರಿ ಹತ್ತು ವರ್ಷವೂ ಆಗಿರಲಿಲ್ಲ. ರೋಗ ಕಂಡ ಮೂವರೂ 20 ವರ್ಷಕ್ಕಿಂತ ಹೆಚ್ಚು ದುಡಿದವರು. ನಿಧಾನವಾಗಿ ಬಲಿಯುವ ರೋಗವನ್ನು ಹೊಸಬರ ಎದೆಯಲ್ಲಿ ಹುಡುಕಿ, ಈ ಕೆಲಸ ಹೆಚ್ಚುಕಡಿಮೆ ಸುರಕ್ಷಿತವೆಂಬ ತೀರ್ಮಾನಕ್ಕೆ ಬಂದರು. ಅಮೆರಿಕದ ವೈದ್ಯ ಇರ್ವಿಂಗ್ ಸೆಲಿಕಾಫ್ ಮತ್ತು ಸಂಗಡಿಗರು 1960ರ ದಶಕದಲ್ಲಿ, ಶಾಖನಿರೋಧಕ ಹೊದಿಕೆಯ ಕೆಲಸಕ್ಕೆ ಸೇರಿ 20 ವರ್ಷ ದಾಟಿದ್ದ 392 ಮಂದಿಯ ಎಕ್ಸ್‌ರೇ ನೋಡಿದಾಗ 339 ಮಂದಿಯಲ್ಲಿ ರೋಗದ ಗುರುತು ಕಂಡಿತು.

ಗೃಹಿಣಿ: ಧೂಳು ಹಿಡಿದ ಬಟ್ಟೆ ಒಗೆಯುತ್ತಿದ್ದ ಹೆಂಡತಿಯರ ಗತಿ ಏನಾಯಿತು, ಸರ್?

ಅಂಗಡಿ ಮಾಲೀಕರು: ಊಟದ ನಂತರ ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಇಳಿಯುತ್ತದೆಂದು ಸಂದೇಶ ಬಂದಿದೆ. ಕಲ್ನಾರಿಗೂ ಆಗುತ್ತದೆಯೇ?

ಡಾಕ್ಟರ್: ಆಗುವುದಿಲ್ಲ. ತಿಂದದ್ದು ಹೊಟ್ಟೆಗೆ ಹೋಗುತ್ತದೆ. ನಾರಿನ ಎಳೆ ಶ್ವಾಸಕೋಶದಲ್ಲೇ ಉಳಿಯುತ್ತದೆ. ದಯವಿಟ್ಟು ಇಂಥದ್ದನ್ನು ಹಂಚಬೇಡಿ. ಬೆಲ್ಲವನ್ನು ನಂಬಿ ಮುಖವಾಡ ತೆಗೆದಿಟ್ಟವನ ಎಕ್ಸ್‌ರೇ ನೋಡಬೇಕಾದವರು ನಾವು.

ನಿವೃತ್ತ ಎಂಜಿನಿಯರ್: ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದಾಗ ಯುದ್ಧಕ್ಕೆ ಸರಕು ಸಾಗಿಸುವ 2,710 ಲಿಬರ್ಟಿ ಹಡಗುಗಳನ್ನು ಕಟ್ಟಿದವರು ಧೂಳು ಅಳೆಯುತ್ತಾ ಕೂರಬೇಕಿತ್ತೇ?

ಮೇಷ್ಟ್ರು: ಕಲ್ನಾರು ಬಳಸಿದ್ದು ಬೇರೆ, ತಿಳಿದೂ ಕಾರ್ಮಿಕನಿಗೆ ಹೇಳದಿದ್ದುದು ಬೇರೆ. ಎರಡನ್ನೂ ಕಲಸಬೇಡಿ.

ನಿವೃತ್ತ ಎಂಜಿನಿಯರ್: ತಾವು ಬಾಯ್ಲರ್ ಎಂದಾದರೂ ಕಂಡಿದ್ದೀರಾ?

ಮೇಷ್ಟ್ರು: ಕಾಣಲು ಬಾಯ್ಲರ್ ಒಳಗೇ ಹೋಗಬೇಕೆಂದು ನನಗೆ ತಿಳಿದಿರಲಿಲ್ಲ.

ಇನ್ನೊಬ್ಬ ಸದಸ್ಯರು: ಬೆಲ್ಲದ ಬದಲು ಹಾಲು?

ಡಾಕ್ಟರ್: ಇಲ್ಲ. ಮೇಲೆ ಓದಿ.

ಗೃಹಿಣಿ: ನನ್ನ ಪ್ರಶ್ನೆ ಹಾಗೇ ಉಳಿಯಿತು.

ನಿವೃತ್ತ ಎಂಜಿನಿಯರ್: ಡಾಕ್ಟರೇ, ಆ ಕಾಲಕ್ಕೆ ಮುಖವಾಡ ಹಾಕುವುದು ಸಾಧ್ಯವಿತ್ತೇ, ಅಷ್ಟು ಹೇಳಿ.

ಡಾಕ್ಟರ್: ಸಾಧ್ಯವಿತ್ತು. ಯುದ್ಧ ನಡೆಯುತ್ತಿರುವಾಗಲೇ, 1943ರಲ್ಲಿ, ಬರೆದಿಟ್ಟ ನಿಯಮವದು.