ಹಳೆಯ ಮಾರುತಿ 800: ಸ್ಪೀಕರಿನಲ್ಲಿ ಬಂದು ಹೋಗುವ ವಿದ್ಯುತ್ ಸದ್ದಿನ ಮೂಲವನ್ನು ಹುಡುಕುವುದು ಹೇಗೆ?

ಪ್ರಶ್ನೆ (ಶಿರಸಿಯಿಂದ)

ನಮಸ್ಕಾರ. ನಮ್ಮ ಮನೆಯಲ್ಲಿ 1997ರ ಮಾರುತಿ 800 ಇದೆ. ಕಾರ್ಬ್ಯುರೇಟರ್ ಇರುವ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಗಾಡಿಯ ಓಟದಲ್ಲಿ ಯಾವ ತಕರಾರೂ ಇಲ್ಲ, ಆದರೆ ಸ್ಟೀರಿಯೋದಲ್ಲಿ ಎರಡು ಬಗೆಯ ಸದ್ದು ಕೇಳಿಬರುತ್ತಿದೆ. ಮೊದಲನೆಯದು ಜೀರುಂಡೆಯ ಹಾಗೆ ಕೊರೆಯುವ ಸದ್ದು. ಎಕ್ಸಲರೇಟರ್ ಒತ್ತಿದರೆ ಅದರ ಸ್ವರವೂ ಏರುತ್ತದೆ. ಇದು ಪೆನ್‌ಡ್ರೈವಿನಿಂದ ಹಾಡು ಕೇಳುವಾಗಲೂ ಇರುತ್ತದೆ, ಧ್ವನಿಯನ್ನು ಪೂರ್ತಿ ತಗ್ಗಿಸಿದರೂ ಹೋಗುವುದಿಲ್ಲ. ಎರಡನೆಯದು ಪಟಪಟ ಎನ್ನುವ ಸದ್ದು. ಇದು ಧಾರವಾಡ ಆಕಾಶವಾಣಿಯನ್ನು, ಅಂದರೆ 765 ಕಿಲೋಹರ್ಟ್ಸ್ ಮಧ್ಯಮ ತರಂಗವನ್ನು, ಹಾಕಿದಾಗ ಮಾತ್ರ ಕೇಳಿಸುತ್ತದೆ.

ಕೊರೆಯುವ ಸದ್ದು ಸದಾ ಇರುವುದಿಲ್ಲ ಎಂಬುದೇ ನನ್ನ ಕಷ್ಟ. ರಾತ್ರಿ ಹೆಡ್‌ಲೈಟ್ ಮತ್ತು ವೈಪರ್ ಹಾಕಿಕೊಂಡು ಹೋಗುವಾಗ ಜೋರಾಗುತ್ತದೆ. ಹೊಂಡಕ್ಕೆ ಇಳಿದರೆ ಒಮ್ಮೊಮ್ಮೆ ತಟ್ಟನೆ ನಿಂತುಬಿಡುತ್ತದೆ. ಗ್ಯಾರೇಜಿಗೆ ಕೊಂಡೊಯ್ದಾಗ ಸದ್ದೇ ಇರುವುದಿಲ್ಲ. ಒಬ್ಬರು ಆಲ್ಟರ್ನೇಟರ್ (ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಯಂತ್ರ) ಬದಲಿಸಿ ಎಂದರು, ಮತ್ತೊಬ್ಬರು ಸ್ಟೀರಿಯೋದ ವಯರಿಗೆ ಸದ್ದು ತಡೆಯುವ ನಾಯ್ಸ್ ಫಿಲ್ಟರ್ ಹಾಕಿ ಎಂದರು. ಎರಡನ್ನೂ ಮಾಡುವ ಮೊದಲು ಮೂಲ ಎಲ್ಲಿದೆ ಎಂದು ತಿಳಿಯುವ ಆಸೆ. ಕಳೆದ ವರ್ಷ ಗಾಡಿಗೆ ಟಿಂಕರಿಂಗ್ ಮತ್ತು ಪೇಂಟಿಂಗ್ ಆಗಿದೆ, ಅದೇ ಹೊತ್ತಿಗೆ ಸ್ಟೀರಿಯೋ ಕೂಡ ಹೊಸದಾಗಿ ಕೂರಿಸಿದ್ದು ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ)

ಎರಡು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಕೊರೆಯುವ ಸದ್ದು ಆಲ್ಟರ್ನೇಟರಿನದು. ಅದರೊಳಗೆ ಹುಟ್ಟುವುದು ಮೂರು ಫೇಸಿನ ಎಸಿ ವಿದ್ಯುತ್. ಡಯೋಡುಗಳು ಅದನ್ನು ಡಿಸಿಗೆ ತಿರುಗಿಸಿದ ಮೇಲೂ ಸಣ್ಣ ಏರಿಳಿತ ಉಳಿದೇ ಉಳಿಯುತ್ತದೆ. ಹನ್ನೆರಡು ಧ್ರುವಗಳ ರೋಟರ್ (ಒಳಗೆ ತಿರುಗುವ ಭಾಗ) ಇದ್ದರೆ ಒಂದು ಸುತ್ತಿಗೆ 36 ಏರಿಳಿತಗಳಾಗುತ್ತವೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದು ಆಲ್ಟರ್ನೇಟರ್ ಅದರ ಎರಡರಷ್ಟು ವೇಗದಲ್ಲಿದೆ ಎಂದುಕೊಂಡರೆ ಸೆಕೆಂಡಿಗೆ ಸುಮಾರು 960 ಏರಿಳಿತ, ಎಂದರೆ ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಪಟಪಟ ಸದ್ದು ಇಗ್ನಿಷನ್ನಿನದು, ಎಂದರೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ವ್ಯವಸ್ಥೆಯದು. ಮೂರು ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೆ ಮೂರು ಕಿಡಿ ಹಾರಿಸುವುದರಿಂದ ಅದೇ ವೇಗದಲ್ಲಿ ಸೆಕೆಂಡಿಗೆ 20 ಕಿಡಿ ಮಾತ್ರ. ಆದ್ದರಿಂದಲೇ ಅದು ಸ್ವರವಾಗಿ ಕೇಳದೆ ಬಿಡಿಬಿಡಿಯಾಗಿ ಕೇಳುತ್ತದೆ.

ಏರಿಳಿತ ಎಲ್ಲ ಆಲ್ಟರ್ನೇಟರುಗಳಲ್ಲೂ ಇರುವಂಥದ್ದು. ಆದರೆ ನಿಮ್ಮ ಗಾಡಿಯಲ್ಲಿ ಅದು ಸ್ಪೀಕರಿನ ತನಕ ಏಕೆ ಬರುತ್ತಿದೆ ಎಂಬುದನ್ನು ನೋಡಬೇಕು. ಧ್ವನಿ ತಗ್ಗಿಸಿದರೂ ಉಳಿಯುವ ಸದ್ದು ವಾಲ್ಯೂಮ್ ನಿಯಂತ್ರಣವನ್ನು ದಾಟಿದ ಮೇಲೆ ಒಳಸೇರುತ್ತಿದೆ ಎಂದರ್ಥ. ಹೊಂಡಕ್ಕೆ ಬಿದ್ದಾಗ ನಿಲ್ಲುವುದು ಯಾವುದೋ ಜೋಡಣೆ ಸಡಿಲವಾಗಿದೆ ಎಂಬುದಕ್ಕೆ ಸೂಚನೆ. ಲೈಟು ಹಾಕಿದಾಗ ಹೆಚ್ಚುವುದು ಆ ಜೋಡಣೆಯ ಮೂಲಕ ಹೆಚ್ಚು ಕರೆಂಟ್ ಹರಿಯುತ್ತಿದೆ ಎಂಬುದಕ್ಕೆ. ಮೂರನ್ನೂ ಕೂಡಿಸಿದರೆ ನನ್ನ ಅನುಮಾನ ಬಾಡಿ ಅರ್ತಿಂಗ್ ಮೇಲೆಯೇ, ಎಂದರೆ ಗಾಡಿಯ ಲೋಹದ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ ಕರೆಂಟ್ ಹಿಂದಿರುಗುವ ಜೋಡಣೆಯ ಮೇಲೆ.

ಇದನ್ನು ಹುಡುಕುವಾಗ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಬೀಪ್ ಬಂತು, ಅರ್ತಿಂಗ್ ಸರಿಯಿದೆ ಎಂದು ತೀರ್ಮಾನಿಸಬೇಡಿ. ಹೆಡ್‌ಲೈಟ್ ಮತ್ತು ವೈಪರ್ ಸೇರಿ ಹತ್ತು ಹನ್ನೆರಡು ಆಂಪಿಯರ್ ಎಳೆಯುತ್ತವೆ. ಒಂದು ಜೋಡಣೆಯಲ್ಲಿ 0.05 ಓಮ್ ತಡೆ ಇದ್ದರೂ ಅಲ್ಲಿ ಅರ್ಧ ವೋಲ್ಟಿನಷ್ಟು ಇಳಿಕೆಯಾಗುತ್ತದೆ, ಆದರೆ ಸಾಮಾನ್ಯ ಮೀಟರಿನ ಕಡ್ಡಿಗಳಿಗೇ ಅದಕ್ಕಿಂತ ಹೆಚ್ಚು ತಡೆ ಇರುವುದರಿಂದ ಓಮ್ ಅಳತೆಯಲ್ಲಿ ಅದು ಕಾಣುವುದೇ ಇಲ್ಲ. ಎಂಜಿನ್ ಓಡುತ್ತಿರಲಿ, ಲೈಟು, ವೈಪರ್, ಬ್ಲೋವರ್ ಎಲ್ಲವೂ ಹಾಕಿರಲಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಮುಟ್ಟಿಸಿ (ಅದರ ಮೇಲಿನ ಕ್ಲಾಂಪಿಗಲ್ಲ), ಇನ್ನೊಂದನ್ನು ಬಾಡಿಯ ಬರಿಯ ಲೋಹಕ್ಕೆ, ಆಮೇಲೆ ಎಂಜಿನ್ ಬ್ಲಾಕಿಗೆ ಮುಟ್ಟಿಸಿ ನೋಡಿ. 0.1 ವೋಲ್ಟಿನ ಒಳಗಿದ್ದರೆ ಒಳ್ಳೆಯದು. ಹೆಚ್ಚು ತೋರಿಸಿದರೆ ಅರ್ತ್ ಕೇಬಲನ್ನು ಕೈಯಿಂದ ಅಲ್ಲಾಡಿಸಿ, ಅಂಕಿ ಕುಣಿಯುವ ಜಾಗವೇ ನೀವು ಹುಡುಕುತ್ತಿರುವ ಜಾಗ. ಇದರ ಜೊತೆಗೆ ಸದ್ದು ಬರುತ್ತಿರುವಾಗಲೇ ಸ್ಟೀರಿಯೋದ ಹಿಂದಿನ ಆಂಟೆನಾ ಪಿನ್ ಕಿತ್ತು ನೋಡಿ. ಪೆನ್‌ಡ್ರೈವ್ ಹಾಡಿನ ಹಿಂದಿನ ಸದ್ದೂ ನಿಂತರೆ ಕರೆಂಟ್ ಆಂಟೆನಾ ಕೇಬಲಿನ ಹೊರ ಜಾಲರಿಯ ಮೂಲಕ ದಾರಿ ಮಾಡಿಕೊಂಡಿದೆ ಎಂದಾಯಿತು.

ಆಲ್ಟರ್ನೇಟರನ್ನು ಒಮ್ಮೆ ಪರೀಕ್ಷಿಸಿಬಿಡುವುದೂ ಒಳ್ಳೆಯದು. ಬ್ಯಾಟರಿಯಲ್ಲಿ ಡಿಸಿ 13.8ರಿಂದ 14.4 ವೋಲ್ಟ್ ಇರಬೇಕು. ಮೀಟರನ್ನು ಎಸಿಗೆ ತಿರುಗಿಸಿದರೆ ಒಂದು ವೋಲ್ಟಿನ ಸಣ್ಣ ಭಾಗ ಮಾತ್ರ ತೋರಿಸಬೇಕು. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿರುವ ಸಾಧ್ಯತೆ ಇದೆ.

ಉತ್ತರ (ರೇಡಿಯೋ ರಿಪೇರಿಯಲ್ಲಿದ್ದವರು, ಮೈಸೂರು)

ದಾವಣಗೆರೆಯವರು ಹೇಳಿದ್ದಕ್ಕೆ ಪಟಪಟ ಸದ್ದಿನ ಬಗ್ಗೆ ಸೇರಿಸುತ್ತೇನೆ. ಇದಕ್ಕೆ ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋಗಿಂತ ಒಳ್ಳೆಯ ಉಪಕರಣ ಇಲ್ಲ. ಮಧ್ಯಮ ತರಂಗದಲ್ಲಿ ಯಾವ ನಿಲಯವೂ ಸಿಗದ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ ರೇಡಿಯೋವನ್ನು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವುದು), ಡಿಸ್ಟ್ರಿಬ್ಯೂಟರ್ (ಅದನ್ನು ಸಿಲಿಂಡರುಗಳಿಗೆ ಹಂಚುವುದು) ಮತ್ತು ಒಂದೊಂದೇ ಪ್ಲಗ್ ವಯರಿನ ಹತ್ತಿರ ತನ್ನಿ (ಕೈ ಮತ್ತು ತೋಳನ್ನು ಬೆಲ್ಟ್, ಫ್ಯಾನುಗಳಿಂದ ದೂರವಿಡಿ). ರೇಡಿಯೋದೊಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿ ದಿಕ್ಕನ್ನು ಹಿಡಿಯುತ್ತದೆ, ಆದ್ದರಿಂದ ರೇಡಿಯೋವನ್ನು ತಿರುಗಿಸುತ್ತಾ ಕೇಳಿ. ಉಳಿದವುಗಳಿಗಿಂತ ಒಂದು ವಯರ್ ಹೆಚ್ಚು ಗದ್ದಲ ಮಾಡುತ್ತಿದ್ದರೆ ಎಂಜಿನ್ ನಿಲ್ಲಿಸಿ, ಅದನ್ನು ಕಿತ್ತು ಓಮ್ ಅಳೆಯಿರಿ. ಕಾರ್ಬನ್ ಕೋರಿನ ವಯರ್ ಕೆಲವು ಸಾವಿರ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ಕತ್ತರಿಸಿದೆ, ಕಿಡಿ ಆ ಬಿರುಕನ್ನೂ ಹಾರಿ ಹೋಗುತ್ತಿದೆ. ಎಂಜಿನ್ ಸರಿಯಾಗಿ ಓಡುತ್ತಿದ್ದರೂ ರೇಡಿಯೋಗೆ ಅದು ಗೊತ್ತಾಗುತ್ತದೆ.

ಪ್ಲಗ್ಗಿನ ನಂಬರನ್ನೂ ನೋಡಿ. ಎನ್‌ಜಿಕೆ ಪ್ಲಗ್ಗುಗಳಲ್ಲಿ ಬಿಪಿ6ಇಎಸ್ ಮತ್ತು ಬಿಪಿಆರ್6ಇಎಸ್ ಎಂಬವುಗಳ ನಡುವಿನ ವ್ಯತ್ಯಾಸ ಆ ‘ಆರ್’ ಅಕ್ಷರ. ಅದಿದ್ದರೆ ಒಳಗೆ ಸುಮಾರು 5000 ಓಮ್‌ನ ರೆಸಿಸ್ಟರ್ ಇರುತ್ತದೆ, ಅದು ಈ ಗದ್ದಲವನ್ನು ಅಡಗಿಸಲೆಂದೇ ಇರುವುದು. ನಿಮ್ಮ ಗಾಡಿಗೆ ಹೇಳಿರುವ ನಂಬರಿನಲ್ಲೇ ‘ಆರ್’ ಇರುವುದನ್ನು ಹಾಕಿ. ಕತ್ತಲಲ್ಲಿ ವಯರುಗಳ ಮೇಲೆ ನೀರನ್ನು ತೆಳುವಾಗಿ ಸಿಂಪಡಿಸಿದರೆ ವಿದ್ಯುತ್ ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ, ಆಗ ಯಾವ ವಯರನ್ನೂ ಮುಟ್ಟಬೇಡಿ. ಲೈಟರ್ ಸಾಕೆಟ್ಟಿನಲ್ಲಿ ಮೊಬೈಲ್ ಚಾರ್ಜರ್ ಇದ್ದರೆ ಎಲ್ಲಕ್ಕೂ ಮೊದಲು ಅದನ್ನು ತೆಗೆಯಿರಿ. ಅಗ್ಗದ ಚಾರ್ಜರುಗಳು ಮಧ್ಯಮ ತರಂಗವನ್ನು ಪೂರ್ತಿ ಹಾಳುಮಾಡುತ್ತವೆ.

ಉತ್ತರ (ಹಾಸನ)

ಒಂದು ಎಚ್ಚರಿಕೆ. ಆಲ್ಟರ್ನೇಟರ್ ಪರೀಕ್ಷೆ ಎಂದು ಎಂಜಿನ್ ಓಡುವಾಗಲೇ ಬ್ಯಾಟರಿಯ ಟರ್ಮಿನಲ್ ಕೀಳುವ ರೂಢಿ ಈಗಲೂ ಇದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಹಲವು ಪಟ್ಟು ಜಿಗಿದು ಸ್ಟೀರಿಯೋ ಮತ್ತು ಆಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಎರಡೂ ಸುಟ್ಟುಹೋಗಬಹುದು. ಬೆಲ್ಟ್ ಬಿಚ್ಚಿ ಓಡಿಸುವವರೂ ಇದ್ದಾರೆ. ಈ ಎಂಜಿನಿನಲ್ಲಿ ವಾಟರ್ ಪಂಪೂ ಅದೇ ಬೆಲ್ಟಿನಿಂದ ತಿರುಗುವುದು ಎಂಬುದು ನೆನಪಿರಲಿ.

ಪ್ರಶ್ನೆ ಕೇಳಿದವರಿಂದ (ಶಿರಸಿ)

ಎಲ್ಲರಿಗೂ ಧನ್ಯವಾದಗಳು. ಮಳೆಯಲ್ಲಿ ಓಡಾಡಿ ಬಂದು, ಸದ್ದು ಇರುವಾಗಲೇ ಅಳೆದೆ. ಬ್ಯಾಟರಿ ಮೈನಸ್ಸಿನಿಂದ ಎಂಜಿನ್ ಬ್ಲಾಕಿಗೆ 0.04 ವೋಲ್ಟ್, ಬಾಡಿಗೆ 0.6 ವೋಲ್ಟ್. ಬ್ಯಾಟರಿಯಿಂದ ಬಾಡಿಗೆ ಹೋಗುವ ಸಣ್ಣ ಕಪ್ಪು ಕೇಬಲನ್ನು ಒತ್ತಿ ಹಿಡಿದರೆ ಅದು 0.1ಕ್ಕೆ ಇಳಿಯುತ್ತದೆ, ಸ್ಪೀಕರಿನ ಸದ್ದೂ ಅಡಗುತ್ತದೆ. ಬೋಲ್ಟ್ ಬಿಚ್ಚಿ ನೋಡಿದಾಗ ಕೇಬಲಿನ ರಿಂಗಿನ ಕೆಳಗೆ ಹೊಸ ಪೇಂಟು ಹೊಳೆಯುತ್ತಿತ್ತು, ಬೋಲ್ಟಿನ ತಿರುಪಿನ ಎಳೆಗಳ ಜಾಗದಲ್ಲಿ ಮಾತ್ರ ಲೋಹ ಮುಟ್ಟುತ್ತಿತ್ತು, ಅಲ್ಲಿಯೂ ಕಂದು ತುಕ್ಕು ಹಿಡಿದಿತ್ತು. ಆಂಟೆನಾ ಪಿನ್ ಕಿತ್ತಾಗಲೂ ಸದ್ದು ನಿಂತಿತು. ಸ್ಟೀರಿಯೋ ಕೂರಿಸಿದವರು ಅದರ ಕಪ್ಪು ವಯರನ್ನು ನೇರವಾಗಿ ಬ್ಯಾಟರಿಗೆ ಎಳೆದಿದ್ದಾರೆ, ಆಂಟೆನಾದ ಬುಡ ಮಾತ್ರ ಬಾಡಿಯಲ್ಲಿದೆ. ಪ್ಲಗ್ ವಯರುಗಳಲ್ಲಿ ನಡುವಿನ ಸಿಲಿಂಡರಿನದಕ್ಕೆ ಮೀಟರ್ ಏನನ್ನೂ ತೋರಿಸಲಿಲ್ಲ. ಹೊಸ ಸೆಟ್ಟಿಗೆ ಹೇಳಿದ್ದೇನೆ. ಬಾಡಿಯ ಜೋಡಣೆಯನ್ನು ಬಾಳಿಕೆ ಬರುವಂತೆ ಮಾಡುವುದು ಹೇಗೆ, ಮತ್ತು ಇನ್ನು ಫಿಲ್ಟರ್ ಬೇಕೇ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ)

ಹಾಗಿದ್ದರೆ ಚಿತ್ರ ಪೂರ್ತಿಯಾಯಿತು. ಸ್ಟೀರಿಯೋದ ಮೈನಸ್ ಬ್ಯಾಟರಿಯಲ್ಲಿ, ಆಂಟೆನಾ ಜಾಲರಿ ಬಾಡಿಯಲ್ಲಿ. ಆ ಎರಡರ ನಡುವೆ 0.6 ವೋಲ್ಟ್ ವ್ಯತ್ಯಾಸ. ಲೈಟಿನ ಕರೆಂಟಿನ ಒಂದು ಪಾಲು, ಆಲ್ಟರ್ನೇಟರಿನ ಏರಿಳಿತವನ್ನೂ ಹೊತ್ತುಕೊಂಡು, ಸ್ಟೀರಿಯೋದ ಒಳಗಿಂದಲೇ ಬ್ಯಾಟರಿಗೆ ಹಿಂದಿರುಗುತ್ತಿತ್ತು. ಫಿಲ್ಟರ್ ಬೇಡ. ಪ್ಲಸ್ ವಯರಿನಲ್ಲಿ ಅದನ್ನು ಹಾಕಿದ್ದರೂ ಈ ಸದ್ದು ಹೋಗುತ್ತಿರಲಿಲ್ಲ, ಏಕೆಂದರೆ ಅದು ಬರುತ್ತಿದ್ದುದು ಮೈನಸ್ ದಾರಿಯಿಂದ.

ಮೊದಲು ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿಡಿ. ರಿಂಗು ಕೂರುವಷ್ಟು ಅಗಲಕ್ಕೆ ಪೇಂಟನ್ನು ಎಮರಿ ಪೇಪರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ರಿಂಗಿನ ಎರಡೂ ಮುಖ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ಶಿರಸಿಯ ಮಳೆಗೆ ಅದು ಬೇಕೇ ಬೇಕು. ಕೇಬಲಿನ ತುದಿಯಲ್ಲಿ ತಾಮ್ರ ಹಸಿರಾಗಿದ್ದರೆ ಕೇಬಲನ್ನೇ ಬದಲಿಸಿ. ಆಂಟೆನಾದ ಬುಡದ ಕೆಳಗೂ ಪೇಂಟು ಇರುವ ಸಾಧ್ಯತೆ ಇದೆ, ಅಲ್ಲಿಯೂ ಹೀಗೆಯೇ ಮಾಡಿ. ಹೊಸ ಪ್ಲಗ್ ವಯರಿನ ನಂತರವೂ ಧಾರವಾಡ ಕೇಳುವಾಗ ಸ್ವಲ್ಪ ಪಟಪಟ ಉಳಿದಿದ್ದರೆ ಕಾಯಿಲಿನ ಪ್ಲಸ್ ಬದಿಯಿಂದ ಅರ್ತಿಗೆ 0.47 ಮೈಕ್ರೋಫ್ಯಾರಡ್ ಸಪ್ರೆಸರ್ ಕಂಡೆನ್ಸರ್ (ಗದ್ದಲ ಅಡಗಿಸುವ ಸಣ್ಣ ಬಿಡಿಭಾಗ) ಹಾಕಬಹುದು. ಮೈನಸ್ ಬದಿಗೆ ಅದನ್ನು ಹಾಕಬೇಡಿ, ಕಿಡಿಯೇ ಕೆಡುತ್ತದೆ. ಎಲ್ಲವೂ ಆದ ಮೇಲೆ ಅದೇ ಲೈಟು, ಅದೇ ವೈಪರ್ ಹಾಕಿ ಬಾಡಿಯ ಇಳಿಕೆಯನ್ನು ಮತ್ತೊಮ್ಮೆ ಅಳೆದು ಅಂಕಿಯನ್ನು ಇಲ್ಲಿ ಬರೆಯಿರಿ.