ಲುವಾಂಟಿಯಲ್ಲಿ ಸುತ್ತಳತೆ, ಘನಫಲ: ಕಟ್ಟಡ ಏಳುತ್ತೆ, ಲೆಕ್ಕ ಉಳಿಯಲ್ಲ. ಏನು ಮಾಡೋದು?

ಚೌಕಪಟ್ಟಿ:
10 ಕಂಪ್ಯೂಟರ್, 9ರಿಂದ 11 ವರ್ಷದ 20 ಮಕ್ಕಳು, 40 ನಿಮಿಷದ ಅವಧಿ. ಇಂಟರ್ನೆಟ್ ಇಲ್ಲದ್ದರಿಂದ ಲುವಾಂಟಿ (ಬ್ಲಾಕ್ ಜೋಡಿಸಿ ಕಟ್ಟೋ ಆಟಗಳ ವೇದಿಕೆ, ಹಳೇ ಹೆಸರು ಮೈನ್‌ಟೆಸ್ಟ್) ಹಾಕಿದೆ, ಬ್ಲಾಕ್ ಮುಗಿಯದ ಕ್ರಿಯೇಟಿವ್ ಮೋಡ್‌ನಲ್ಲಿದೆ. ಎರಡು ಕಂಪ್ಯೂಟರ್ ಸರ್ವರ್‌ಗೆ ಸೇರೋದೇ ಇಲ್ಲ. ಸೇರಿದವರು ಪಕ್ಕದವರ ಗೋಡೆ ಒಡೀತಾರೆ. ಮನೆಗಳೇನೋ ಚೆಂದವಾಗಿ ಏಳ್ತವೆ, ಆದರೆ ಎಷ್ಟು ಬ್ಲಾಕ್ ಹಿಡೀತು ಅಂತ ಕೇಳಿದ್ರೆ ಯಾರಿಗೂ ಗೊತ್ತಿರಲ್ಲ. ಹೇಗೆ ಹೊಂದಿಸೋದು?

ತಂತಿಜಾಲ:
ಸೇರದ ಎರಡರ ವಿಷಯ ಹೇಳ್ತೀನಿ. ಲುವಾಂಟಿ ಬಳಸೋದು 30000ನೇ ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ಸಂಖ್ಯೆ), ಯುಡಿಪಿ ಅನ್ನೋ ಸಂಪರ್ಕ ವಿಧಾನ. ಅಭ್ಯಾಸಬಲದಿಂದ ಟಿಸಿಪಿ ಅನ್ನೋ ಇನ್ನೊಂದು ವಿಧಾನಕ್ಕೆ ಮಾತ್ರ ತೆರೆದು ಒದ್ದಾಡೋರು ಬಹಳ. ಆದರೆ ನಿಮ್ಮಲ್ಲಿ ಉಳಿದವು ಸೇರ್ತಿವೆ, ಹಾಗಾಗಿ ಸರ್ವರ್ ಕಡೆ ಫೈರ್‌ವಾಲ್ ಸರಿಯಿದೆ. ಆ ಎರಡರಲ್ಲೇ ಹುಡುಕಿ. ಮೊದಲು ಆವೃತ್ತಿ: 0.4 ಸರಣಿಯ ಹಳೇ ಮೈನ್‌ಟೆಸ್ಟ್ ಇದ್ರೆ 5ರ ಸರ್ವರ್‌ಗೆ ಸೇರಲ್ಲ. ಆಮೇಲೆ ವೈಫೈ: ಗೆಸ್ಟ್ ನೆಟ್‌ವರ್ಕ್‌ಗೆ ಅಂಟಿಕೊಂಡಿದ್ರೆ ರೂಟರ್ ಒಂದು ಯಂತ್ರಕ್ಕೆ ಇನ್ನೊಂದನ್ನು ಕಾಣಿಸಲ್ಲ. ಒಂದೇ ಹೆಸರಲ್ಲಿ ಇಬ್ಬರು ಒಳಗೆ ಬರೋಕೆ ಹೋದ್ರೂ ಎರಡನೆಯವರು ಹೊರಗೇ ಉಳೀತಾರೆ.

ಬೀಗದಕೈ:
ಒಡೆಯೋದಕ್ಕೆ ಬೈಗುಳ ಔಷಧಿ ಅಲ್ಲ. "ಏರಿಯಾಸ್" ಅನ್ನೋ ಮಾಡ್ (ಆಟಕ್ಕೆ ಸೇರಿಸೋ ಹೆಚ್ಚುವರಿ ತುಣುಕು) ಇದೆ. ಇಂಟರ್ನೆಟ್ ಇರೋ ಕಡೆ ಇಳಿಸಿ, ಸರ್ವರ್‌ನ ಮಾಡ್ಸ್ ಫೋಲ್ಡರ್‌ಗೆ ಹಾಕಿ, ಆ ವರ್ಲ್ಡ್‌ಗೆ ಎನೇಬಲ್ ಮಾಡಿ. ಎರಡು ಎದುರುಬದುರು ಮೂಲೆ ಗುರುತು ಮಾಡಿ ತಂಡದ ಹೆಸರಿಗೆ ಬರೆದುಕೊಟ್ರೆ ಬೇರೆಯವರು ಅಲ್ಲಿ ಒಂದು ಬ್ಲಾಕೂ ಮುಟ್ಟಕ್ಕಾಗಲ್ಲ. ತಂಡಕ್ಕೆ 16×16 ಸಾಕು, ನಡುವೆ ನಾಲ್ಕು ಬ್ಲಾಕ್ ದಾರಿ ಬಿಡಿ. ಮೂಲೆ ಗುರುತು ಮಾಡುವಾಗ ಎತ್ತರವನ್ನೂ ಸೇರಿಸಿ. ನೆಲಮಟ್ಟದಲ್ಲೇ ಎರಡೂ ಮೂಲೆ ಇಟ್ಟರೆ ಒಂದೇ ಪದರಕ್ಕೆ ರಕ್ಷಣೆ, ಅದರ ಮೇಲಿನ ಗೋಡೆ ಬಯಲು.

ರೋಲ್‌ಬ್ಯಾಕ್ ರೆಕಾರ್ಡಿಂಗ್ (ಯಾರು ಏನು ಬದಲಿಸಿದ್ರು ಅಂತ ದಾಖಲಿಸಿ, ಬೇಕಾದಾಗ ಹಿಂದಿನಂತೆ ಮಾಡೋ ಸೌಲಭ್ಯ) ಕೂಡ ಆನ್ ಮಾಡಿ. ತಾನಾಗಿ ಆನ್ ಇರಲ್ಲ, ಹಾನಿ ಆದ ಮೇಲೆ ಆನ್ ಮಾಡಿ ಪ್ರಯೋಜನವೂ ಇಲ್ಲ. ಚಾಟ್‌ನಲ್ಲಿ ಗಲಾಟೆಯಾದ್ರೆ ಮಕ್ಕಳ "ಶೌಟ್" ಪ್ರಿವಿಲೇಜ್ (ಚಾಟ್‌ನಲ್ಲಿ ಬರೆಯೋ ಅನುಮತಿ) ತೆಗೆದುಬಿಡಿ.

ಅಳತೆಪಟ್ಟಿ:
ಲೆಕ್ಕ ಉಳಿಯದೇ ಇರೋದಕ್ಕೆ ಕಾರಣ ಕ್ರಿಯೇಟಿವ್ ಮೋಡ್. ಬ್ಲಾಕ್ ಮುಗಿಯೋದೇ ಇಲ್ಲ ಅಂದ್ಮೇಲೆ ಎಣಿಸೋದು ಯಾಕೆ? ಅದನ್ನು ಆಫ್ ಮಾಡಿ. ಮಗು ಕಾಗದದಲ್ಲಿ ಎಷ್ಟು ಬರೀತೋ ಅಷ್ಟೇ ಬ್ಲಾಕ್ ಗಿವ್ ಕಮಾಂಡ್‌ನಲ್ಲಿ ಕೊಡಿ, ಒಂದೂ ಹೆಚ್ಚಿಲ್ಲ.

8×6 ಹೊರ ಅಳತೆಯ, ಒಂದೇ ಬ್ಲಾಕ್ ದಪ್ಪದ, ಒಂದೇ ಸಾಲಿನ ಪಾಯ ಹಾಕೋಕೆ ಹೇಳಿ. ಎಲ್ಲರೂ 28 ಕೇಳ್ತಾರೆ. ಪಾಯ ಮುಗಿದಾಗ ಕೈಯಲ್ಲಿ ನಾಲ್ಕು ಉಳಿಯುತ್ತೆ. ಆ ನಾಲ್ಕು ಎಲ್ಲಿಂದ ಬಂತು ಅನ್ನೋದೇ ಅವತ್ತಿನ ಪಾಠ: ಸುತ್ತಳತೆ ಲೆಕ್ಕದಲ್ಲಿ ಪ್ರತಿ ಮೂಲೆ ಎರಡು ಸಲ ಸೇರಿದೆ, ಹಿಡಿಯೋದು 24. ನೀವೇ ಬಾಯಿಬಿಟ್ಟು ಹೇಳಬೇಡಿ.

ಮುಂದಿನ ಅವಧಿಗೆ 4×4×4 ಟೊಳ್ಳು ಡಬ್ಬ. ಆರು ಮುಖ, ಮುಖಕ್ಕೆ 16, ಒಟ್ಟು 96 ಅಂತಾರೆ. ನಿಜಕ್ಕೂ ಬೇಕಾಗೋದು 64ರಲ್ಲಿ ಒಳಗಿನ 8 ಕಳೆದು 56. ಮೇಲ್ಮೈ ವಿಸ್ತೀರ್ಣ ಬೇರೆ, ಬ್ಲಾಕ್ ಎಣಿಕೆ ಬೇರೆ ಅನ್ನೋದು ಕೈಯಲ್ಲಿ ಉಳಿದ 40 ಬ್ಲಾಕ್ ನೋಡಿದ್ರೆ ಹೊಳೆಯುತ್ತೆ. ಇನ್ವೆಂಟರಿಯ ಒಂದು ಗೂಡಿನಲ್ಲಿ 99 ಹಿಡಿಯುತ್ತೆ, ಹಾಗಾಗಿ ಈ ಅಳತೆ ಅನುಕೂಲ.

ಲುವಾಂಟಿಯೊಳಗೆ "ಮೈನ್‌ಟೆಸ್ಟ್ ಗೇಮ್" ಅನ್ನೋ ಆಟ ಬಳಸೋದಾದ್ರೆ ಕಲ್ಲು ಕೊಡಬೇಡಿ, ಮರದ ಹಲಗೆ ಕೊಡಿ. ಕಲ್ಲನ್ನು ಬರಿಗೈಯಲ್ಲಿ ಕೀಳಕ್ಕಾಗಲ್ಲ, ತಪ್ಪಿಟ್ಟ ಬ್ಲಾಕ್ ಅಲ್ಲೇ ಕೂರುತ್ತೆ. ಹಾರೋ ಪ್ರಿವಿಲೇಜೂ ಕೊಡಿ, ಕೆ ಕೀ ಒತ್ತಿದ್ರೆ ಹಾರಬಹುದು. ಇಲ್ಲಾಂದ್ರೆ ಮೇಲೆ ಹತ್ತೋಕೆ ಅದೇ ಹಲಗೆಯಲ್ಲಿ ಮೆಟ್ಟಿಲು ಕಟ್ಟಿ ಎಣಿಕೆ ಕೆಡಿಸ್ತಾರೆ.

ಚೌಕಪಟ್ಟಿ:
ನಾಲ್ಕು ಉಳಿಯೋದು ಸಖತ್ತಾಗಿದೆ, ಧನ್ಯವಾದ. ನಿರ್ದೇಶಾಂಕಕ್ಕೆ ಎಫ್5 ಒತ್ತಿದ್ರೆ ಸಾಕಾ? ಎತ್ತರದ ಅಂಕಿಯಲ್ಲಿ ಯಾವಾಗಲೂ .5 ಬರುತ್ತಲ್ಲ?

ಅಳತೆಪಟ್ಟಿ:
ಸಾಕು. ಲುವಾಂಟಿಯಲ್ಲಿ ಪೂರ್ಣಾಂಕ ಬೀಳೋದು ಬ್ಲಾಕಿನ ನಡುಮಧ್ಯಕ್ಕೆ. ಮಗು ನಿಂತಿರೋದು ಅದರ ಮೇಲ್ಮೈ ಮೇಲೆ, ಅಲ್ಲಿಗೆ ಅರ್ಧ ಹೆಚ್ಚು. 8.5 ಅಂದ್ರೆ ಕಾಲಡಿಯ ಬ್ಲಾಕ್ 8. ಉಳಿದೆರಡನ್ನು ಹತ್ತಿರದ ಪೂರ್ಣಾಂಕಕ್ಕೆ ತನ್ನಿ. ಎತ್ತರ ಇಲ್ಲಿ ವೈ, ನೆಲದ ಮೇಲಿನವು ಎಕ್ಸ್ ಮತ್ತು ಝಡ್. ಗ್ರಾಫ್ ಹಾಳೆಯಲ್ಲಿ ಎಕ್ಸ್-ವೈ ಕಲಿತ ಮಕ್ಕಳು ಇಲ್ಲಿ ತಬ್ಬಿಬ್ಬಾಗ್ತಾರೆ, ಮೊದಲೇ ಬೋರ್ಡ್ ಮೇಲೆ ಬರೆದಿಡಿ. ಎಕ್ಸ್ 10ರಿಂದ 17ರವರೆಗಿನ ಗೋಡೆಗೆ 7 ಅಂತ ಕಳೀತಾರೆ, ಆಗೋದು 8. ಆ ತಪ್ಪನ್ನೂ ಅವರೇ ಹಿಡೀಲಿ, ಒಂದು ಬ್ಲಾಕ್ ಕೊರತೆ ಬೀಳುತ್ತೆ.

ಜೋಡಿಕುರ್ಚಿ:
ಒಂದು ಕಂಪ್ಯೂಟರ್‌ಗೆ ಇಬ್ಬರಲ್ವಾ? ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈಯಲ್ಲಿ ಚೌಕುಳಿ ಹಾಳೆ. ನಕ್ಷೆ ಇರೋರು ಹೇಳಿದ ಬ್ಲಾಕನ್ನೇ ಮೌಸ್ ಇರೋರು ಇಡಬೇಕು, 8 ನಿಮಿಷಕ್ಕೆ ಅದಲುಬದಲು. ತಲೆ ಸುತ್ತುತ್ತೆ ಅನ್ನೋ ಮಕ್ಕಳಿಗೆ ಸೆಟ್ಟಿಂಗ್ಸ್‌ನಲ್ಲಿ ವ್ಯೂ ಬಾಬಿಂಗ್ (ನಡೆಯುವಾಗ ನೋಟ ಕುಲುಕೋದು) ಸೊನ್ನೆ ಮಾಡಿ, ನೋಟದ ಕೋನವನ್ನು 72ರಿಂದ ಸ್ವಲ್ಪ ಏರಿಸಿ ನೋಡಿ. ಆಗಲೂ ಸುತ್ತಿದ್ರೆ ಆ ಮಗು ಹಾಳೆಯ ಕಡೆಯೇ ಇರಲಿ.